ಕೈಗಾದ ಕರೆಂಟು, ಮಾಡಿನ ಬಿಸಿಲು: ಯಾವುದಕ್ಕೆ ಯಾವುದು ಸರಿ?

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನನ್ನ ಸೋದರಮಾವನ ಮನೆ. ಹಿಂದೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ. ಬೆಟ್ಟದಿಂದ ಇಳಿಯುವ ಹಳ್ಳದ ನೀರನ್ನು ಮಾವ ಪೈಪಿನಲ್ಲಿ ತಂದು, ತೋಟದ ತಲೆಯಲ್ಲಿ ಒಂದು ಸಣ್ಣ ಟರ್ಬೈನಿಗೆ ಬಿಟ್ಟಿದ್ದಾನೆ. ನೋಡಲು ತೀರಾ ಸರಳ. ಒಂದು ಚಕ್ರ, ಅದರ ಸುತ್ತ ಬಟ್ಟಲಿನಂಥ ಸಣ್ಣ ಸಣ್ಣ ಸೌಟುಗಳು. ಪೈಪಿನ ಬಾಯಿಂದ ನೀರು ರಭಸವಾಗಿ ಬಂದು ಸೌಟುಗಳಿಗೆ ಬಡಿಯುತ್ತದೆ, ಚಕ್ರ ತಿರುಗುತ್ತದೆ, ಮನೆಗೆ ಕರೆಂಟು ಬರುತ್ತದೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದು, ಊರಿಗೆಲ್ಲ ಮೂರು ದಿನ ಕತ್ತಲೆಯಾದಾಗಲೂ ಮಾವನ ಜಗಲಿಯಲ್ಲಿ ದೀಪ ಇರುತ್ತದೆ.

ಜನವರಿ ಬರುವ ಹೊತ್ತಿಗೆ ಹಳ್ಳ ಸೊರಗುತ್ತದೆ. ಚಕ್ರ ನಿಲ್ಲುತ್ತದೆ. ಅಷ್ಟರಲ್ಲಿ ಆಕಾಶ ತಿಳಿಯಾಗಿ, ಅಂಗಳದಲ್ಲಿ ಅಡಿಕೆ ಒಣಗುವಂಥ ಬಿಸಿಲು ಬಿದ್ದಿರುತ್ತದೆ. ಆಗ ಕೊಟ್ಟಿಗೆಯ ಮಾಡಿನ ಮೇಲಿರುವ ಸೋಲಾರ್ ಪ್ಯಾನೆಲ್‌ಗಳ ಸರದಿ. "ಎರಡರಲ್ಲಿ ಯಾವುದು ಚಲೋ, ಮಾವ?" ಎಂದು ಒಮ್ಮೆ ಕೇಳಿದ್ದೆ. "ಯಾವ ತಿಂಗಳಲ್ಲಿ?" ಎಂದು ಮಾವ ತಿರುಗಿ ಕೇಳಿದ.

ನಾನಿರುವುದು ಕಾರವಾರದಲ್ಲಿ. ಇಲ್ಲಿಂದ ಕಾಳಿ ನದಿಯ ಗುಂಟ ಮೇಲಕ್ಕೆ ಹೋದರೆ ಮಲ್ಲಾಪುರ, ಕದ್ರಾ, ಆಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರ. ನಮ್ಮೂರ ಚಹಾ ಅಂಗಡಿಯಲ್ಲಿ ಈ ವಿಷಯ ಬಂದರೆ ಮಾತು ಬೇಗ ಎರಡು ಪಾಲಾಗುತ್ತದೆ. ಒಂದು ಕಡೆ "ಅಣು ಬೇಡವೇ ಬೇಡ, ಸೋಲಾರ್ ಸಾಕು". ಇನ್ನೊಂದು ಕಡೆ "ಸೋಲಾರ್‌ನಿಂದ ಫ್ಯಾಕ್ಟರಿ ನಡೆಯತ್ತಾ?" ಎರಡನ್ನೂ ನಾನು ಬೇರೆ ಬೇರೆ ವಯಸ್ಸಿನಲ್ಲಿ ಹೇಳಿದ್ದೇನೆ. ಈಗ ಅನಿಸುವುದೇನೆಂದರೆ, ಮಾವನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಯಾವ ತಿಂಗಳು, ದಿನದ ಯಾವ ಹೊತ್ತು, ಯಾವ ಜಾಗ ಎಂದು ಕೇಳಿಕೊಂಡು ಹೋಲಿಸಿದರೆ ಚಿತ್ರವೇ ಬೇರೆ ಕಾಣುತ್ತದೆ. ಹಾಗೆ ಹೋಲಿಸಲು ಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಮನೆಗೆ ಏನು ಹಾಕಿಸಿಕೊಳ್ಳಬಹುದು ಎಂಬುದೂ ಇದೆ.

ಮೊದಲು ಒಂದು ಲೆಕ್ಕ

ಮಾವನ ಟರ್ಬೈನ್ 1 ಕಿಲೋವ್ಯಾಟಿನದು. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ, ಅಲ್ಲಿ ಇಲ್ಲಿ ಹಾಳಾಗುವುದನ್ನು ಕಳೆದು, ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಮಳೆಗಾಲದಲ್ಲಿ ಅದು ಹಗಲೂ ರಾತ್ರಿ ತಿರುಗುತ್ತದೆ. ಗಂಟೆಗೆ ಒಂದರಂತೆ 24 ಗಂಟೆಗೆ 24 ಯೂನಿಟ್. ಮಾಡಿನ ಮೇಲೆ 1 ಕಿಲೋವ್ಯಾಟ್ ಸೋಲಾರ್ ಹಾಕಿದರೆ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್. ಎರಡರ ಮೇಲೂ ಬರೆದಿರುವುದು 1 ಕಿಲೋವ್ಯಾಟ್ ಎಂದೇ!

ದೊಡ್ಡ ಸ್ಥಾವರಗಳನ್ನು ಹೋಲಿಸುವಾಗ ಎಷ್ಟೋ ಜನ ಎಡವುವುದು ಇಲ್ಲೇ. ಕೈಗಾದಲ್ಲಿ ಈಗ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಒಟ್ಟು 880 ಮೆಗಾವ್ಯಾಟ್. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟಿನದು. ಸಂಖ್ಯೆ ನೋಡಿದರೆ ಪಾವಗಡ ಕೈಗಾದ ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಕೈಗಾ ತನ್ನ ಸಾಮರ್ಥ್ಯದ ಶೇ. 85ರಷ್ಟು ನಡೆದರೆ ವರ್ಷಕ್ಕೆ ಸುಮಾರು 650 ಕೋಟಿ ಯೂನಿಟ್ ಆಗುತ್ತದೆ. ಪಾವಗಡ ಶೇ. 22ರಷ್ಟು ಕೊಟ್ಟರೆ 400 ಕೋಟಿ ಯೂನಿಟ್ ಹತ್ತಿರ. ರಾತ್ರಿ ಸೂರ್ಯ ಇರುವುದಿಲ್ಲ, ಬೆಳಿಗ್ಗೆ ಸಂಜೆ ಬಿಸಿಲು ಓರೆ. ಹಾಗಾಗಿ ಮೆಗಾವ್ಯಾಟ್ ಕೇಳಿದ ಕೂಡಲೇ ವರ್ಷಕ್ಕೆ ಎಷ್ಟು ಯೂನಿಟ್, ಯಾವ ಹೊತ್ತಿನಲ್ಲಿ ಎಂದು ಕೇಳಿ.

ಜಾಗದ ಲೆಕ್ಕವೂ ಇದೆ. ಪಾವಗಡದ ಪಾರ್ಕ್ ಸುಮಾರು 13,000 ಎಕರೆಯಲ್ಲಿದೆ. ಅಲ್ಲಿ ಅದು ಸರಿಹೊಂದುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ, ವರ್ಷ ವರ್ಷ ಬಾಡಿಗೆ ಬರುತ್ತದೆ. ಅದೇ ಪಾರ್ಕನ್ನು ನಮ್ಮ ಜಿಲ್ಲೆಯಲ್ಲಿ ಮಾಡುತ್ತೇವೆ ಅಂದರೆ ಯಾವ ಕಾಡು ಕಡಿಯುವುದು, ಯಾವ ಗದ್ದೆ ಮುಚ್ಚುವುದು? ಉತ್ತರ ಕನ್ನಡದಲ್ಲಿ ಸೋಲಾರ್‌ಗೆ ಜಾಗ ಇರುವುದು ಮನೆ, ಶಾಲೆ, ಸೊಸೈಟಿ, ಗೋದಾಮುಗಳ ಮಾಡಿನ ಮೇಲೆ.

ದಿನದ ಹೊತ್ತು, ವರ್ಷದ ತಿಂಗಳು

ರಾಜ್ಯಕ್ಕೆ ಬೇಕಾದ ಕರೆಂಟನ್ನು ಒಂದು ದೊಡ್ಡ ಮನೆಯ ಅಡುಗೆ ಎಂದುಕೊಳ್ಳಿ. ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆ ಇರುತ್ತದಲ್ಲ, ದೊಡ್ಡ ಮರದ ಕುಂಟೆ ಇಟ್ಟರೆ ಹಂಡೆ ನೀರು ಇಡೀ ದಿನ ಕಾಯುತ್ತಿರುತ್ತದೆ. ಅದನ್ನು ಗಳಿಗೆಗೊಮ್ಮೆ ಹಚ್ಚಿ ಆರಿಸುವುದಿಲ್ಲ. ಕೈಗಾ ಅಂಥ ಒಲೆ. ಮಧ್ಯಾಹ್ನವಾಗಲಿ ಮಧ್ಯರಾತ್ರಿಯಾಗಲಿ, ಮಳೆಯಿರಲಿ ಬಿಸಿಲಿರಲಿ, ಒಂದೇ ಸಮನೆ ಉರಿಯುತ್ತದೆ. ಅಲ್ಲಿನ ಒಂದನೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ, 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಆಗ ಅದು ವಿಶ್ವದಾಖಲೆ. ನಡುವೆ ಮೂರು ಮಳೆಗಾಲ ಕಳೆದವು. ಆ ಬಗೆಯ ರಿಯಾಕ್ಟರಿಗೆ ಇಂಧನ ತುಂಬಲು ನಿಲ್ಲಿಸಬೇಕಾಗಿಲ್ಲ, ನಡೆಯುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ತಳ್ಳುತ್ತಾರೆ. ಅದರಿಂದಲೇ ಇಷ್ಟು ದಿನ ಸಾಧ್ಯವಾಯಿತು.

ಸೋಲಾರ್ ಮಧ್ಯಾಹ್ನದ ಊಟಕ್ಕೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಅದು ಕೊಡುವಷ್ಟು ಅಗ್ಗದ ಕರೆಂಟನ್ನು ಬೇರೆ ಯಾರೂ ಕೊಡಲಾರರು. ಬಯಲುಸೀಮೆಯ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟು ಕೊಡಲು ಸಾಧ್ಯವಾದರೆ, ರೈತರು ನಡುರಾತ್ರಿ ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವುದು ತಪ್ಪುತ್ತದೆ. ಆ ಒಂದು ಕಾರಣಕ್ಕೇ ನನಗೆ ಸೋಲಾರ್ ಮೇಲೆ ಪ್ರೀತಿ.

ಗಾಳಿಯ ಕರೆಂಟು ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರ ಕಡೆಯದು. ಅದರ ಸೊಗಸು ಇರುವುದು ಕಾಲದಲ್ಲಿ. ಮುಂಗಾರು ಮೋಡ ಬಂದು ಸೋಲಾರ್ ಕುಸಿಯುವ ಜೂನ್, ಜುಲೈ, ಆಗಸ್ಟ್‌ನಲ್ಲೇ ಅಲ್ಲಿ ಗಾಳಿ ಜೋರು, ಮತ್ತು ಅದು ರಾತ್ರಿಯೂ ಬೀಸುತ್ತದೆ. ಬೇಸಿಗೆಯಲ್ಲಿ ಗಾಳಿ ಬಿದ್ದಾಗ ಬಿಸಿಲು ಏರುತ್ತದೆ. ಮಾವನ ಹಳ್ಳ ಮತ್ತು ಮಾಡಿನ ಹಾಗೇ ಅಲ್ವಾ?

ಸಂಜೆ ಏಳರ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ಸೂರ್ಯ ಮುಳುಗಿರುತ್ತಾನೆ, ಎಲ್ಲ ಮನೆಯ ದೀಪ, ಟಿವಿ, ಮಿಕ್ಸರ್ ಒಟ್ಟಿಗೆ ಶುರುವಾಗುತ್ತವೆ. ಆ ಹೊತ್ತಿಗೆ ಬೇಕಾಗುವುದು ಕೆಲವೇ ನಿಮಿಷದಲ್ಲಿ ಏರಿಸಿ ಇಳಿಸಬಹುದಾದ ಕರೆಂಟು. ಅದು ನೀರಿನದು. ಅಂಬಿಕಾನಗರದ ನಾಗಝರಿ ವಿದ್ಯುದಾಗಾರ, ಶರಾವತಿ ಕಣಿವೆಯ ಘಟಕಗಳು, ಗೇರುಸೊಪ್ಪ, ಕೊಡಸಳ್ಳಿ, ಕದ್ರಾ, ಇವೆಲ್ಲ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. 2023ರ ಬರಗಾಲದಲ್ಲಿ, ಅಕ್ಟೋಬರ್ ತಿಂಗಳಲ್ಲೇ ರಾಜ್ಯಕ್ಕೆ ಕರೆಂಟಿನ ಅಭಾವ ಬಂದದ್ದು ನೆನಪಿರಬಹುದು. ಅಂಥ ವರ್ಷ ಮಳೆಯನ್ನು ಅಷ್ಟಾಗಿ ನೆಚ್ಚದ ಒಲೆಯೊಂದು ಇದ್ದರೆ, ಉಳಿದ ನೀರನ್ನು ಸಂಜೆಗೆ ಕಾದಿಡಬಹುದು.

ಕದ್ರಾ ಜಲಾಶಯದಲ್ಲಿ ಈ ಜೊತೆಗಾರಿಕೆ ಕಣ್ಣಿಗೇ ಕಾಣುತ್ತದೆ. ಆ ನೀರೇ 150 ಮೆಗಾವ್ಯಾಟಿನ ಜಲವಿದ್ಯುತ್ ಘಟಕ ತಿರುಗಿಸುತ್ತದೆ. ಆ ನೀರೇ ಕೈಗಾದ ಉಗಿಯನ್ನು ತಣಿಸಿ ಮತ್ತೆ ನೀರು ಮಾಡುತ್ತದೆ. ರಿಯಾಕ್ಟರಿನ ಶಾಖದಲ್ಲಿ ಕರೆಂಟಾಗುವುದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ, ಉಳಿದದ್ದನ್ನು ಹೊತ್ತುಕೊಳ್ಳುವುದು ಕಾಳಿ ನದಿ.

ಅರ್ಧ ಮೀಟರ್ ಉದ್ದದ ಒಂದು ಕಟ್ಟು

ಒಂದು ವಿಜ್ಞಾನ ಪ್ರದರ್ಶನದಲ್ಲಿ ಇಂಧನ ಕಟ್ಟಿನ ಮಾದರಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಹತ್ತೊಂಬತ್ತು ತೆಳು ಕೊಳವೆಗಳನ್ನು ಒಟ್ಟು ಸೇರಿಸಿ ಎರಡೂ ತುದಿಗೆ ಬಿಲ್ಲೆ ಹಚ್ಚಿದ ಕಟ್ಟು. ಉದ್ದ ಅರ್ಧ ಮೀಟರ್. ನಿಜವಾದದ್ದಾದರೆ 15 ಕಿಲೋಗಿಂತ ಜಾಸ್ತಿ ತೂಗುತ್ತದೆ. ಕೊಳವೆಗಳ ಒಳಗೆ ಯುರೇನಿಯಂ ಗುಳಿಗೆಗಳು. ಕೈಗಾದ ಒಂದು ರಿಯಾಕ್ಟರಿನಲ್ಲಿ 306 ಕೊಳವೆ ದಾರಿಗಳಿವೆ, ಒಂದೊಂದರಲ್ಲೂ ಇಂಥ 12 ಕಟ್ಟು.

ಒಂದು ಕಟ್ಟು ತನ್ನ ಆಯುಷ್ಯದಲ್ಲಿ ಕೊಡುವುದು ಸುಮಾರು 6 ಲಕ್ಷ ಯೂನಿಟ್. ತಿಂಗಳಿಗೆ 100 ಯೂನಿಟ್ ಉಪಯೋಗಿಸುವ 500 ಮನೆಗಳಿಗೆ ಒಂದು ವರ್ಷ ಸಾಕು. ಅಷ್ಟನ್ನೇ ಕಲ್ಲಿದ್ದಲಿನಿಂದ ತೆಗೆದರೆ 400 ಟನ್ ಸುಡಬೇಕು, ಅಂದರೆ ಆರೇಳು ರೈಲ್ವೆ ವ್ಯಾಗನ್.

ಇಂಗಾಲದ ಲೆಕ್ಕಕ್ಕೆ ಬಂದರೆ, ಗಣಿಯಿಂದ ಹಿಡಿದು ಸ್ಥಾವರ ಕಟ್ಟುವ ಸಿಮೆಂಟಿನವರೆಗೆ ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂಕಿ ಹೀಗಿದೆ. ಒಂದು ಯೂನಿಟ್‌ಗೆ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ (ಅಥವಾ ಅದಕ್ಕೆ ಸಮನಾದ ಅನಿಲ) ಎಷ್ಟು ಎಂದರೆ, ಕಲ್ಲಿದ್ದಲು 820 ಗ್ರಾಂ, ದೊಡ್ಡ ಸೋಲಾರ್ 48, ಮಾಡಿನ ಸೋಲಾರ್ 41, ನೀರು 24, ಅಣು 12, ನೆಲದ ಮೇಲಿನ ಗಾಳಿ 11. ಅಣು ಮತ್ತು ಸೋಲಾರ್ ನಡುವಿನ ವ್ಯತ್ಯಾಸ ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ. 820ರ ಎದುರು ಎರಡೂ ಒಂದೇ ಸಾಲಿನವು.

ಕರಾವಳಿಯವರಿಗೆ ಈ 820 ದೂರದ ಅಂಕಿಯಲ್ಲ. ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ತರುವ ಪ್ರಸ್ತಾಪ ಬಂದಿತ್ತು. ಅದೂ ಅಘನಾಶಿನಿಯ ಅಳಿವೆಯಲ್ಲಿ. ಇಳಿತದ ಹೊತ್ತಿಗೆ ನೂರಾರು ಜನ ಸೊಂಟದ ಮಟ್ಟ ನೀರಿಗಿಳಿದು ಚಿಪ್ಪಿಕಲ್ಲು ಆರಿಸುವ, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ಜಾಗದಲ್ಲಿ. ಜನ ವಿರೋಧಿಸಿದರು, ಯೋಜನೆ ನಿಂತಿತು. ಅಣೆಕಟ್ಟೇ ಇಲ್ಲದೆ ಸಮುದ್ರ ಸೇರುವ ಆ ನದಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ, ಎಂದು ಪಟ್ಟಿಗೆ ಸೇರಿತು. ಕೈಗಾ ಬೇಡ, ಸೋಲಾರ್ ಸಾಲದು ಎಂದಾದರೆ ಉಳಿಯುವ ದಾರಿ ಯಾವುದು ಎಂದು ಯೋಚಿಸುವಾಗ ನನಗೆ ತದಡಿ ನೆನಪಾಗುತ್ತದೆ.

ಕೈಗಾಕ್ಕೆ ಆಗದ ಕೆಲಸ

ಬಚ್ಚಲ ಒಲೆಯಲ್ಲಿ ದೋಸೆ ಹೊಯ್ಯಲು ಆಗುವುದಿಲ್ಲ. ಅಣು ಸ್ಥಾವರವನ್ನು ಗಂಟೆ ಗಂಟೆಗೆ ಏರಿಸಿ ಇಳಿಸುವುದು ನಮ್ಮಲ್ಲಿ ರೂಢಿಯಲ್ಲಿಲ್ಲ. ಕೈಗಾದಂಥ ರಿಯಾಕ್ಟರ್ ಒಮ್ಮೆ ದಿಢೀರನೆ ನಿಂತು, ಅರ್ಧ ಗಂಟೆಯ ಒಳಗೆ ಮತ್ತೆ ಹೊರಡಿಸಲು ಆಗದಿದ್ದರೆ, ಒಳಗೆ ಕ್ಸೆನಾನ್ ಎಂಬ ಅನಿಲ ಸೇರಿಕೊಂಡು ಯುರೇನಿಯಂ ಉರಿಯಲು ಬೇಕಾದ ನ್ಯೂಟ್ರಾನ್ ಕಣಗಳನ್ನು ನುಂಗಲು ಶುರುಮಾಡುತ್ತದೆ. ಅದು ತಾನಾಗಿ ಕರಗುವವರೆಗೆ, ಸುಮಾರು ಒಂದೂವರೆ ದಿನ, ರಿಯಾಕ್ಟರ್ ಹತ್ತಿಕೊಳ್ಳುವುದಿಲ್ಲ.

ಇದರಿಂದ ಮಧ್ಯಾಹ್ನ ಒಂದು ಹೊಸ ತೊಡಕು ಬರುತ್ತದೆ. ಸೋಲಾರ್ ಉಕ್ಕುತ್ತಿರುವಾಗ ಕೈಗಾವೂ ಉರಿಯುತ್ತಿರುತ್ತದೆ. ಯಾರಾದರೂ ಜಾಗ ಬಿಡಬೇಕು. ಈಗ ನೀರಿನ ಘಟಕಗಳು ಜಾಗ ಬಿಡುತ್ತವೆ, ಕಲ್ಲಿದ್ದಲಿನವೂ ಒಂದು ಮಿತಿಯವರೆಗೆ ತಗ್ಗುತ್ತವೆ. ಮುಂದೆ ಸೋಲಾರ್ ಇನ್ನೂ ಜಾಸ್ತಿಯಾದಾಗ ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡುವ ಏರ್ಪಾಡು ಇಲ್ಲದಿದ್ದರೆ ಈ ಇಬ್ಬರ ಸಂಸಾರ ಸಾಗುವುದಿಲ್ಲ. ಜೊತೆಗಾರರು ಎಂದು ಬರೀ ಬಾಯಲ್ಲಿ ಹೇಳಿದರೆ ಸಾಲದು. ನಡುವೆ ಬ್ಯಾಟರಿಯೋ ಜಲಾಶಯವೋ ಬೇಕು.

ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ

ಕೈಗಾ ವಿರುದ್ಧ ಈ ಜಿಲ್ಲೆಯಲ್ಲಿ ನಡೆದ ಚಳವಳಿ ಸಣ್ಣದಲ್ಲ. ಶಿವರಾಮ ಕಾರಂತರು ಎಂಬತ್ತರ ಹರೆಯ ದಾಟಿದ ಮೇಲೆ, 1989ರಲ್ಲಿ, ಇದೇ ವಿಷಯ ಹಿಡಿದು ನಮ್ಮ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೆ ನಿಂತಿದ್ದರು. ಗೆಲ್ಲಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗಳಿಗೆ ವಯಸ್ಸಾಗಿಲ್ಲ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಒಳಗಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ, ವಿಕಿರಣ ಇರಲಿಲ್ಲ. ಆಮೇಲೆ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಬೇಕೆಂದೇ ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಬೆರೆಸಿದರು, ಅದರಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಇತ್ತು. ಐವತ್ತಕ್ಕೂ ಹೆಚ್ಚು ನೌಕರರ ಮೈಗೆ ಅದು ಸೇರಿತು. ಇವೆರಡನ್ನೂ ಬಚ್ಚಿಟ್ಟು ಅಣುವಿನ ಪರವಾಗಿ ಮಾತಾಡಬಾರದು.

ಉರಿದು ಮುಗಿದ ಇಂಧನದ ಮಾತು ಇನ್ನೂ ದೀರ್ಘ. ತೆಗೆದ ಕಟ್ಟುಗಳನ್ನು ಮೊದಲು ವರ್ಷಗಟ್ಟಲೆ ಆಳವಾದ ನೀರಿನ ಕೊಳದಲ್ಲಿ ಇಡುತ್ತಾರೆ. ಆ ನೀರೇ ಅದರ ಬಿಸಿಯನ್ನೂ ವಿಕಿರಣವನ್ನೂ ತಡೆಯುವುದು. ಭಾರತದ ಪದ್ಧತಿಯಲ್ಲಿ ಆಮೇಲೆ ಅದನ್ನು ಮರುಸಂಸ್ಕರಿಸಿ, ಮತ್ತೆ ಇಂಧನವಾಗಬಲ್ಲ ಪ್ಲುಟೋನಿಯಂ ಬೇರೆ ತೆಗೆಯುತ್ತಾರೆ. ಕೊನೆಗೆ ಉಳಿಯುವ ತೀವ್ರ ವಿಕಿರಣದ ಕಸವನ್ನು ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುತ್ತಾರೆ. ಗಾತ್ರ ಚಿಕ್ಕದು, ಕಾಯುವ ಕಾಲ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಚೆ. ಕಲ್ಲಿದ್ದಲಿನ ಬೂದಿ ಮತ್ತು ಹೊಗೆ ಎಲ್ಲರ ಶ್ವಾಸಕೋಶದಲ್ಲಿ ಹರಡಿಕೊಂಡಿರುತ್ತದೆ, ಇದು ಒಂದೇ ಕಡೆ ಬೀಗದೊಳಗೆ ಇರುತ್ತದೆ. ನನ್ನ ಮನಸ್ಸಿಗೆ ಎರಡನೆಯದು ವಾಸಿ. ಬೀಗ ಕಾಯುವವರ ಮೇಲೆ ಜನರ ಕಣ್ಣಿರಬೇಕು ಎಂಬ ಷರತ್ತಿನ ಮೇಲೆ.

ಈಗ ಅಲ್ಲೇ ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೇ ಘಟಕಗಳ ಕೆಲಸ ನಡೆದಿದೆ. ಮುಗಿದರೆ ಕೈಗಾ 2280 ಮೆಗಾವ್ಯಾಟ್ ಆಗುತ್ತದೆ. ಅದರ ಕರೆಂಟು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಹೋಗುತ್ತದೆ. ಲೈನು ಹೋಗುವುದು ನಮ್ಮ ಘಟ್ಟದ ಕಾಡಿನ ಮೇಲೆ, ಧಾರವಾಡ, ದಾವಣಗೆರೆ ಕಡೆಗೆ. ಭಾರ ಹೊರುವ ಹಳ್ಳಿಗಳಿಗೆ ನಿಯಮಿತ ಆರೋಗ್ಯ ತಪಾಸಣೆ, ಅದರ ಫಲಿತಾಂಶ ಕನ್ನಡದಲ್ಲಿ, ಪಂಚಾಯ್ತಿ ಗೋಡೆಯ ಮೇಲೆ ಬೇಕು. ತುರ್ತು ಸಂದರ್ಭದ ಅಣಕು ಕವಾಯತಿನ ದಿನಾಂಕ ಮೊದಲೇ ಗೊತ್ತಿರಬೇಕು. ಮಳೆಗಾಲದಲ್ಲೂ ಬಳಸಬಹುದಾದ ಎರಡನೇ ರಸ್ತೆ ಬೇಕು. ಇವನ್ನು ಕೇಳುವುದು ಅಣು ವಿರೋಧವಲ್ಲ. ಅಣು ಬೇಕು ಎನ್ನುವವರೇ ಮೊದಲು ಕೇಳಬೇಕಾದದ್ದು.

ಹಸಿರು ಎಂದ ಮಾತ್ರಕ್ಕೆ

ನೀರಿನ ಕರೆಂಟಿಗೆ ಹೊಗೆ ಇಲ್ಲ. ಆದರೆ ಜೋಯಿಡಾದವರನ್ನು ಕೇಳಿ. ಸುಪಾ ಅಣೆಕಟ್ಟಿಗೆ ಹಳೆಯ ಸುಪಾ ಊರೇ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಗಂಟುಮೂಟೆ ಕಟ್ಟಿದವು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ, ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಕಾಳಿ ತೀರದ ಮನೆಗಳಿಗೆ ನೀರು ನುಗ್ಗಿತು.

ಈಗ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಮಧ್ಯಾಹ್ನ ಅಗ್ಗದ ಕರೆಂಟಿನಿಂದ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಹಾಕಿದ 100 ಯೂನಿಟ್‌ನಲ್ಲಿ 75ರಿಂದ 80 ವಾಪಸು ಬರುತ್ತದೆ. ಯೋಚನೆ ಜಾಣತನದ್ದು. ಜಾಗ ಸಿಂಗಳೀಕಗಳ ಅಭಯಾರಣ್ಯ. ಮೇಲಿನಿಂದ ಕೆಳಗಿನವರೆಗೆ ಸುರಂಗ, ರಸ್ತೆ, ತಂತಿ. ಪ್ರತಿ ಮಳೆಗಾಲ ಗುಡ್ಡ ಜರಿಯುವ ಈ ಘಟ್ಟದಲ್ಲಿ, ಶಿರೂರಿನಲ್ಲಿ 2024ರ ಜುಲೈಯಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಮೇಲೆ, ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಮೊದಲು ಬ್ಯಾಟರಿಗಳನ್ನು ಬಯಲುಸೀಮೆಯ ಸಬ್‌ಸ್ಟೇಶನ್‌ಗಳ ಪಕ್ಕ, ಸೋಲಾರ್ ಪಾರ್ಕ್‌ಗಳ ಒಳಗೆ ಇಡಲಿ. ಬ್ಯಾಟರಿಗೆ ಆಯುಷ್ಯ ಕಡಿಮೆ ಎನ್ನುತ್ತಾರೆ, ಹೌದು. ಅದನ್ನು ಬದಲಾಯಿಸಬಹುದು. ಕಾಡನ್ನು ಬದಲಾಯಿಸಲು ಆಗುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2017ರಲ್ಲಿ ಕೇಂದ್ರ ಸರ್ಕಾರ 700 ಮೆಗಾವ್ಯಾಟಿನ ಹತ್ತು ರಿಯಾಕ್ಟರ್‌ಗಳಿಗೆ ಒಪ್ಪಿಗೆ ಕೊಟ್ಟಾಗ ಅಂದಾಜು 1,05,000 ಕೋಟಿ ರೂಪಾಯಿ. ಮೆಗಾವ್ಯಾಟಿಗೆ 15 ಕೋಟಿ. ಸೋಲಾರ್ ಅದರ ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಆದರೆ ಮೊದಲು ನೋಡಿದ ಹಾಗೆ ಯೂನಿಟ್ ನಾಲ್ಕನೇ ಒಂದು ಪಾಲು. ಸೋಲಾರ್ ಯೂನಿಟ್‌ನ ಹರಾಜು ದರ ಮಾತ್ರ ಅಣುವಿಗಿಂತ ಕಡಿಮೆಯೇ. ಸಂಜೆಗೆ ಬೇಕೆಂದರೆ ಬ್ಯಾಟರಿಯ ಖರ್ಚು ಸೇರಿಸಿ ಹೋಲಿಸಬೇಕು. ಸಮಯದಲ್ಲಿ ಸೋಲಾರ್ ಎಷ್ಟೋ ಮುಂದೆ. ಕೈಗಾದ ಮೊದಲ ಎರಡು ಘಟಕಗಳ ಕೆಲಸ 1989ರಲ್ಲಿ ಶುರುವಾಗಿ, ಎರಡೂ ಸೇರಿ ಕರೆಂಟು ಕೊಡತೊಡಗಿದ್ದು 2000ದಲ್ಲಿ. ಪಾವಗಡ ನಾಲ್ಕೈದು ವರ್ಷದಲ್ಲಿ ಮುಗಿಯಿತು.

ಹಾಗಾದರೆ ನನ್ನ ಆಯ್ಕೆ ಏನು? ಇರುವ ಕೈಗಾ ಘಟಕಗಳು ಸುರಕ್ಷಿತವಾಗಿರುವಷ್ಟು ಕಾಲ ನಡೆಯಲಿ, ಅವನ್ನು ಮುಚ್ಚಿ ಆ ಜಾಗಕ್ಕೆ ಕಲ್ಲಿದ್ದಲು ತರುವುದು ಬೇಡ. ಐದು, ಆರನೆಯವು ಮೇಲಿನ ಷರತ್ತುಗಳೊಂದಿಗೆ ಬರಲಿ, ಕೈಗಾ ಅಲ್ಲಿಗೆ ಸಾಕು. ಒಂದೇ ಕಣಿವೆಯ ಮೇಲೆ ಎಷ್ಟು ಹೊರಿಸುವುದು? ಹೊಸದಾಗಿ ಸೇರುವುದರಲ್ಲಿ ದೊಡ್ಡ ಪಾಲು ಬಯಲಿನ ಸೋಲಾರ್, ಗಾಳಿ ಮತ್ತು ಬ್ಯಾಟರಿಯದ್ದಾಗಲಿ. ನಮ್ಮ ಜಿಲ್ಲೆಯ ಪಾಲಿಗೆ ಮಾಡಿನ ಸೋಲಾರ್. ಹೊಸ ಅಣೆಕಟ್ಟು ಬೇಡ.

ಇನ್ನು ನಿಮ್ಮ ಮನೆಗೆ

ಮೊದಲು ಬಿಲ್ ನೋಡಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ದುಡ್ಡು ಉಳಿಸಲೆಂದು ಸೋಲಾರ್ ಹಾಕಿಸುವ ಅವಸರ ಇಲ್ಲ. 200 ಯೂನಿಟ್ ದಾಟುವ ಮನೆ, ಹೋಮ್‌ಸ್ಟೇ, ಐಸ್ ಪೆಟ್ಟಿಗೆ ಇಟ್ಟ ಅಂಗಡಿಯವರಿಗೆ ಲಾಭ ಬೇಗ ಕಾಣುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಇದೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ತಾರಸಿ ಇದ್ದರೆ ಲೈನಿಗೆ ಸೇರಿಸುವ ಆನ್‌ಗ್ರಿಡ್ ಸಾಕು. 1 ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು, ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ. ಇಲ್ಲಿಯ ಶತ್ರು ಉಪ್ಪುಗಾಳಿ. ಪ್ಯಾನೆಲ್‌ಗೆ ಏನೂ ಆಗಿರುವುದಿಲ್ಲ, ಅದನ್ನು ಹಿಡಿದ ನಟ್ಟು ಬೋಲ್ಟು ಮಾತ್ರ ಎರಡೇ ಮಳೆಗಾಲಕ್ಕೆ ಕೆಂಪಗೆ ಉದುರುತ್ತಿರುತ್ತದೆ. ಅಲ್ಯೂಮಿನಿಯಂ ಅಥವಾ ಚೆನ್ನಾಗಿ ಜಿಂಕ್ ಹಚ್ಚಿದ ಚೌಕಟ್ಟು, ಸ್ಟೇನ್‌ಲೆಸ್ ಬೋಲ್ಟು ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಅರ್ಧಕ್ಕಿಂತ ಕಡಿಮೆ ಸಿಗುವ ದಿನ ಬೇಕಾದಷ್ಟು ಬರುತ್ತವೆ. ವರ್ಷದ ಒಟ್ಟು ಲೆಕ್ಕ ಹಾಕಿ ನಿರ್ಧರಿಸಿ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾದಲ್ಲಿ ಹಾಗಲ್ಲ. ಆನ್‌ಗ್ರಿಡ್ ಹಾಕಿಸಿಕೊಂಡು, ಕರೆಂಟು ಹೋದಾಗಲೂ ಮನೆ ಬೆಳಗುತ್ತದೆ ಎಂದುಕೊಂಡವರು ಮೊದಲ ಮಳೆಗಾಲದಲ್ಲೇ ಬೇಸರ ಪಡುತ್ತಾರೆ. ಲೈನ್ ಸತ್ತರೆ ಆ ಇನ್ವರ್ಟರ್ ತಾನೂ ನಿಲ್ಲುತ್ತದೆ. ಅದು ದೋಷವಲ್ಲ. ಕಂಬದ ಮೇಲೆ ಹರಿದ ತಂತಿ ಜೋಡಿಸುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಡಿನ ಕರೆಂಟು ತಾಗಬಾರದು ಎಂದೇ ಹಾಗೆ ಮಾಡಿದ್ದಾರೆ. ಮೂರು ದಿನ ಕತ್ತಲೆ ಕಾಣುವ ಊರಾದರೆ ಬ್ಯಾಟರಿ ಇರುವ ಹೈಬ್ರಿಡ್ ತೆಗೆದುಕೊಳ್ಳಿ. ಹಂಚಿನ ಮಾಡಾದರೆ ಪಕಾಸು, ರೀಪು ಗಟ್ಟಿ ಇದೆಯಾ ಎಂದು ಬಡಗಿಗೆ ತೋರಿಸಿ. ತೆಂಗಿನ ಮರದ ಒಂದು ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಪ್ಯಾನೆಲ್‌ಗಳು ಸೊರಗಬಹುದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ನಾಲ್ಕಕ್ಕೆ, ಮೂರು ಸಲ ನಿಂತು ನೆರಳು ನೋಡಿ. ದನ ಇದ್ದರೆ ಅಡುಗೆಗೆ ಗೋಬರ್ ಗ್ಯಾಸ್ ಬಿಟ್ಟು ಬೇರೆ ಯೋಚನೆ ಬೇಡ. ಶಿರಸಿ ಸೀಮೆಗೆ ಅದು ಹೊಸದೂ ಅಲ್ಲ.

ಮನೆಯ ಹಿಂದೆ ಹಳ್ಳ ಇದ್ದರೆ ಮೊದಲು ಎತ್ತರ ಅಳೆಯಿರಿ. ಆಮೇಲೆ ಒಂದು ಕೊಡ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ, ಆಗಸ್ಟ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ. ಆ ಎರಡು ಅಂಕಿ ಸಾಕು, ಟರ್ಬೈನ್ ಎಷ್ಟು ತಿಂಗಳು ನಡೆಯುತ್ತದೆ, ಸೋಲಾರ್ ಎಷ್ಟು ದೊಡ್ಡದು ಬೇಕು ಎಂಬುದು ತಿಳಿಯುತ್ತದೆ. ಇನ್ನು ಪೈಪಿನ ಬಾಯಿಗೆ ಜಾಳಿಗೆ ಕಟ್ಟಿ. ಮಾವ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬೆಟ್ಟ ಹತ್ತಿ, ಆ ಜಾಳಿಗೆಗೆ ಅಂಟಿದ ತರಗೆಲೆಯನ್ನು ಕೈಯಲ್ಲಿ ಬಳಿದು ತೆಗೆದು ಬರುತ್ತಾನೆ. ಒಂದು ದಿನ ತಪ್ಪಿದರೂ ಸಂಜೆ ಬಲ್ಬು ಮಂಕಾಗುತ್ತದೆ.